ದಾರಿಹೋಕನ ಪಾಲು ಎಲ್ಲಿ ಹೋಯಿತು?

ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುವವನನ್ನು ನಮ್ಮ ಸಮಾಜ ಕೊಡುವವನೆಂದೇ ಗುರುತಿಸುತ್ತದೆ. ತಂಗಿಯ ಮದುವೆಗೆ ಆತ ಕೊಡಬೇಕು, ಮನೆಯ ಮಾಳಿಗೆಗೆ ಆತ ಕೊಡಬೇಕು, ಮಸೀದಿಯ ಮಿನಾರಕ್ಕೂ ಆತನೇ ಕೊಡಬೇಕು. ಅವನೂ ಒಂದು ದಿನ ನೆರವು ಪಡೆಯಬೇಕಾದ ಸ್ಥಿತಿಗೆ ಬರಬಹುದೆಂಬ ಯೋಚನೆ ಯಾರಿಗೂ ಹೊಳೆಯುವುದಿಲ್ಲ. ಕೊರೋನಾ ಕಾಲ ಈ ಸತ್ಯವನ್ನು ನಿಷ್ಠುರವಾಗಿ ಮುಂದಿಟ್ಟಿತು. ವಿಮಾನಗಳು ಮತ್ತೆ ಹಾರತೊಡಗಿದೊಡನೆ ಸಮಾಜ ಅದನ್ನು ಮರೆಯಿತು.

2020ರ ಮಾರ್ಚ್ ಕೊನೆಯ ವಾರದಲ್ಲಿ ವಿದೇಶೀ ವಿಮಾನಯಾನ ನಿಂತಿತು. ಅದರ ಬೆನ್ನಿಗೇ ದೇಶಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ಹೊರಗಿರುವವರನ್ನು ಕರೆತನ್ನಿ ಎಂಬ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಏಪ್ರಿಲ್ 13ರಂದು ದೊರೆತ ಉತ್ತರ 'ಸದ್ಯಕ್ಕೆ ಇದ್ದಲ್ಲಿಯೇ ಇರಿ' ಎಂಬುದಾಗಿತ್ತು. ಕೆಲಸ ಕಳೆದುಕೊಂಡವನಿಗೆ, ವೀಸಾ ಮುಗಿದವನಿಗೆ, ಒಂದೇ ಕೋಣೆಯಲ್ಲಿ ಹಲವರೊಂದಿಗೆ ಮಲಗುವವನಿಗೆ 'ಇದ್ದಲ್ಲಿ' ಎಂದರೆ ಎಲ್ಲಿ?

ಮೇ 7ರಂದು ವಂದೇ ಭಾರತ್ ವಿಮಾನಗಳು ಆರಂಭವಾದಾಗಲೂ ದಾರಿ ಸುಗಮವಾಗಲಿಲ್ಲ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಕರೆಗಾಗಿ ಕಾಯಬೇಕು. ಟಿಕೆಟಿನ ಹಣ ಪ್ರಯಾಣಿಕನದೇ. ದುಬೈಯಿಂದ ಕೊಚ್ಚಿಗೆ ಸುಮಾರು 15,000 ರೂಪಾಯಿ ದರ ನಿಗದಿಯಾಗಿತ್ತು. ಸಂಬಳವಿಲ್ಲದೆ ಕುಳಿತವನಿಗೆ ಅದು ಸಣ್ಣ ಮೊತ್ತವಲ್ಲ. ಬಂದಿಳಿದ ಮೇಲೆ ಕ್ವಾರಂಟೈನ್. ಮೇ 24ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಏಳು ದಿನ ಸ್ವಂತ ಖರ್ಚಿನಲ್ಲಿ ಹೊರಗೆ, ಮತ್ತೆ ಏಳು ದಿನ ಮನೆಯಲ್ಲಿ.

ದುಬೈಯಿಂದ ಕರ್ನಾಟಕಕ್ಕೆ ಮೊದಲ ವಿಮಾನ ಬಂದದ್ದು ಮೇ 12ರಂದು, ಮಂಗಳೂರಿಗೆ. ಕರಾವಳಿಯವನಿಗೆ ವಿಮಾನ ನಿಲ್ದಾಣ ಮನೆಯ ಬಾಗಿಲಲ್ಲೇ ಇದೆ. ಗಲ್ಫಿನ ನಗರಗಳಲ್ಲಿ ಅವನದೇ ಊರಿನ ಸಂಘಟನೆಗಳಿವೆ. ಆದರೆ ಬಳ್ಳಾರಿಯವನ ಗತಿಯೇನು? ಬೆಂಗಳೂರು ಸುಮಾರು 300 ಕಿಲೋಮೀಟರ್ ದೂರ, ಹೈದರಾಬಾದ್ ಇನ್ನೂ ದೂರ. ಸಿರುಗುಪ್ಪದವನು ಹೈದರಾಬಾದಿನಲ್ಲಿ ಇಳಿದರೆ ಮೊದಲು ತೆಲಂಗಾಣದ ನಿಯಮ, ಬಳಿಕ ಗಡಿಯ ತಪಾಸಣೆ, ಅನಂತರ ಕರ್ನಾಟಕದ ಸೇವಾಸಿಂಧು ಪಾಸ್. ಬೆಂಗಳೂರಿನಲ್ಲಿ ಇಳಿದ ಕುರುಗೋಡಿನವನು ಬಸ್ಸು-ರೈಲುಗಳು ಸರಿಯಾಗಿ ಓಡದ ಆ ದಿನಗಳಲ್ಲಿ ಟ್ಯಾಕ್ಸಿಯ ಬಾಡಿಗೆಯನ್ನು ಎಲ್ಲಿಂದ ತರಬೇಕಿತ್ತು? ಇದರ ನಡುವೆ, ಜೂನ್ ಅಂತ್ಯದಲ್ಲಿ, ಬಳ್ಳಾರಿಯಲ್ಲಿ ಕೊರೋನಾದಿಂದ ಸತ್ತವರ ಶವಗಳನ್ನು ಒಂದೇ ಗುಂಡಿಗೆ ಎಸೆಯುವ ವೀಡಿಯೋ ಹರಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಆದರೆ ದೂರದ ದೇಶದಲ್ಲಿ ಕುಳಿತು, ಊರಿನಲ್ಲಿರುವ ವೃದ್ಧ ತಾಯಿಯನ್ನು ನೆನೆದು ಅದನ್ನು ನೋಡಿದವನ ಎದೆಯ ಭಾರವನ್ನು ಯಾರು ಇಳಿಸಬಲ್ಲರು?

ಊರಿಗೆ ಬಂದವರ ಸಂಕಟವೂ ಅಲ್ಲಿಗೇ ಮುಗಿಯಲಿಲ್ಲ. 2021ರ ಫೆಬ್ರವರಿಯಲ್ಲಿ ಸೌದಿ ಅರೇಬಿಯವೂ ಏಪ್ರಿಲ್‌ನಲ್ಲಿ ಯುಎಇಯೂ ಭಾರತದಿಂದ ನೇರವಾಗಿ ಬರುವವರಿಗೆ ಬಾಗಿಲು ಮುಚ್ಚಿದವು. ಮೂರನೆಯ ದೇಶದಲ್ಲಿ ಹದಿನಾಲ್ಕು ದಿನ ಕಳೆದು ಕೆಲಸಕ್ಕೆ ಮರಳಲು ಸಾಲ ಮಾಡಿದವರಿದ್ದಾರೆ. ಎಂದಿನ ವಿಮಾನಯಾನ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು.

ಇಲ್ಲಿ ಸಮುದಾಯವನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಅತ್ತೌಬ ಅಧ್ಯಾಯದಲ್ಲಿ ಹೆಸರಿಸಿದೆ. ಅವುಗಳಲ್ಲಿ ಒಂದು 'ಇಬ್ನುಸ್ಸಬೀಲ್', ಅಂದರೆ ದಾರಿಹೋಕ. ಊರಿನಲ್ಲಿ ಮನೆ-ಆಸ್ತಿ ಇದ್ದರೂ ದಾರಿಯಲ್ಲಿ ಕೈ ಬರಿದಾಗಿ ಸಿಲುಕಿದವನಿಗೆ ಈ ಹಕ್ಕಿದೆಯೆಂದು ವಿದ್ವಾಂಸರು ವಿವರಿಸಿದ್ದಾರೆ. ವಂದೇ ಭಾರತ್ ಆರಂಭವಾದದ್ದು ರಮಝಾನ್ ತಿಂಗಳಲ್ಲೇ. ಎಲ್ಲೆಡೆ ಝಕಾತ್ ಹಂಚಿಕೆಯಾಗುತ್ತಿತ್ತು. ಹಸಿದವರ ಮನೆಗೆ ಪಡಿತರದ ಕಿಟ್‌ಗಳು ತಲುಪಿದವು, ಅದು ಪ್ರಶಂಸನೀಯ. ಆದರೆ ನಮ್ಮ ಮೊಹಲ್ಲಾದ ಎಷ್ಟು ಮಂದಿ ಹೊರದೇಶದಲ್ಲಿ ಸಿಲುಕಿದ್ದಾರೆಂಬ ಪಟ್ಟಿ ಎಷ್ಟು ಮಸೀದಿ ಕಮಿಟಿಗಳ ಬಳಿ ಇತ್ತು? ಪಟ್ಟಿಯೇ ಇಲ್ಲದಿದ್ದಲ್ಲಿ ದಾರಿಹೋಕನ ಪಾಲು ಅವನಿಗೆ ತಲುಪುವುದೆಂತು?

ಸರಕಾರವೂ ಉತ್ತರಿಸಬೇಕಾಗಿದೆ. ಅನಿವಾಸಿಗಳಿಗಾಗಿ ಕೇರಳ 1996ರಲ್ಲಿಯೇ 'ನೋರ್ಕಾ' ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಒಳನಾಡಿನ ಜಿಲ್ಲೆಗಳಿಂದ ಹೊರಡುವವರಿಗೆ ಅಂತಹ ಆಸರೆ ನಮ್ಮಲ್ಲಿ ಎಲ್ಲಿದೆ? ಆದರೆ ಇರುವ ಸೌಲಭ್ಯಗಳನ್ನೂ ನಾವು ಬಳಸುತ್ತಿಲ್ಲ. ಸಂಕಷ್ಟದಲ್ಲಿರುವವರಿಗಾಗಿ 2009ರಿಂದ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಹತ್ತನೇ ತರಗತಿ ದಾಟದ ಕಾರ್ಮಿಕರಿಗೆ ಇ-ಮೈಗ್ರೇಟ್ ನೋಂದಣಿಯೂ, ಕೆಲವೇ ನೂರು ರೂಪಾಯಿ ಕಂತಿಗೆ 10 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಇವೆ. ಏಜೆಂಟನ ಮಾತು ಕೇಳಿ ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೊರಟವನು ಈ ಲೆಕ್ಕದಿಂದಲೇ ಹೊರಗುಳಿಯುತ್ತಾನೆ. ಆಪತ್ತು ಬಂದಾಗ ಅವನು ಯಾವ ಕಡತದಲ್ಲಿಯೂ ಇರುವುದಿಲ್ಲ.

ಸಾಂಕ್ರಾಮಿಕ ಮುಗಿಯಿತಲ್ಲ, ಈಗೇಕೆ ಈ ಮಾತು ಎಂದು ಕೆಲವರು ಕೇಳಬಹುದು. ಆಕಾಶಮಾರ್ಗ ಮುಚ್ಚಲು ರೋಗವೇ ಬರಬೇಕೆಂದಿಲ್ಲ, ಯುದ್ಧವೂ ಸಾಕು. ಒಬ್ಬನ ಪಾಲಿಗೆ ದಾರಿ ಮುಚ್ಚಲು ಅವನ ಕಂಪೆನಿ ದಿವಾಳಿಯಾದರೂ ಸಾಕು.

ಆದ್ದರಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಪ್ರತಿ ಮಸೀದಿ ಕಮಿಟಿ ವಿದೇಶಕ್ಕೆ ಹೋಗುವವರ ದಾಖಲೆ ಪುಸ್ತಕವೊಂದನ್ನು ಇಡಲಿ. ವೀಸಾ ಯಾವುದು, ಏಜೆಂಟ್ ಯಾರು, ಕೆಲಸ ಎಲ್ಲಿ ಎಂಬುದನ್ನು ಹೊರಡುವ ಮುನ್ನವೇ ಬರೆದುಕೊಳ್ಳಲಿ. ಸಂಗ್ರಹವಾಗುವ ಝಕಾತ್‌ನಲ್ಲಿ ಒಂದು ಭಾಗವನ್ನು ದಾರಿಹೋಕನ ಹೆಸರಿನಲ್ಲಿ ಮೀಸಲಿಡಲಿ. ಮನೆಯವರಾದರೂ ಆತ ಕಳುಹಿಸುವ ಹಣದಲ್ಲಿ ಮರಳಿ ಬರುವ ಟಿಕೆಟಿನಷ್ಟನ್ನು ಅಮಾನತ್ತೆಂದು ಬಗೆದು ತೆಗೆದಿಡಲಿ, ಯಾವ ಮದುವೆಯ ಆಡಂಬರಕ್ಕೂ ಅದನ್ನು ಮುಟ್ಟದಿರಲಿ. ಇಷ್ಟು ವರ್ಷ ಊರಿಗೆ ಅನ್ನ ಕಳುಹಿಸಿದವನಿಗೆ ಊರಿಗೆ ಬರುವ ದಾರಿಯನ್ನಾದರೂ ಕಾಯ್ದಿಡುವುದು ನಮ್ಮ ಉಪಕಾರವಲ್ಲ, ಅದು ಅವನ ಹಕ್ಕು.