ಸಬ್‌ವೂಫರ್ ಬೇರೆ ಮನೆ ಮಾಡಲಿ ಬಿಡಿ!

"ಸಾರ್, ಇದರಲ್ಲೇ ಸಬ್‌ವೂಫರ್ ಬಿಲ್ಟ್‌ಇನ್ ಇದೆ, ಇನ್ನೊಂದು ಡಬ್ಬ ಯಾಕೆ ಸುಮ್ನೆ?"

ಸ್ಪೀಕರ್ ಕೊಳ್ಳಲು ಹೋದವರಿಗೆಲ್ಲ ಅಂಗಡಿಯಲ್ಲಿ ಸಿಗುವ ಉಪದೇಶ ಇದು. ಕೇಳೋಕೇನೋ ಚೆನ್ನಾಗಿದೆ. ಜಾಗ ಉಳಿಯುತ್ತೆ, ವೈರು ಉಳಿಯುತ್ತೆ, ಮನೆಯವರ ಬೈಗುಳವೂ ತಪ್ಪುತ್ತೆ. ಆಫೀಸಿನ ಗೆಳೆಯರು ಕೆಲವರು ಹೀಗೇ ಆಳೆತ್ತರದ ಟವರ್ ಸ್ಪೀಕರ್ ತಂದು, ಆಮೇಲೆ "ಅಂಗಡೀಲಿ ಕೇಳಿದ ಬೇಸ್ ಮನೇಲಿ ಇಲ್ವಲ್ಲ ಗುರೂ" ಅಂತ ಗೋಳಾಡಿದ್ದಾರೆ. ಬೋನಸ್ ದುಡ್ಡು ಪೂರ್ತಿ ಸುರಿದ ಮೇಲೆ ಬರುವ ಗೋಳು ಅದು.

ನನ್ನ ವಾದ ಇಷ್ಟೇ: ಹಾಡುವವರ ದನಿಗೆ ಒಳ್ಳೆಯ ಜಾಗ ಬೇರೆ, ಬೇಸ್‌ಗೆ ಒಳ್ಳೆಯ ಜಾಗ ಬೇರೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಒಂದಂತೂ ಕೆಡುತ್ತೆ.

ನಮ್ಮ ಬೆಂಗಳೂರಿನ ಫ್ಲಾಟುಗಳಲ್ಲಿರುವಂಥ 12 ಅಡಿ ಉದ್ದದ ಹಾಲ್ ತಗೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಓಡುತ್ತೆ. ಅಂದರೆ 47 ಹರ್ಟ್ಜ್ ಅಲೆಯ ಅರ್ಧ ಉದ್ದ ಹೆಚ್ಚುಕಡಿಮೆ 12 ಅಡಿ. ಆ ಅಲೆ ಗೋಡೆಯ ಹತ್ತಿರ ಗುಂಯ್ಯೆನ್ನುತ್ತೆ, ಹಾಲಿನ ನಟ್ಟನಡುವೆ ಮಾಯ! ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಸ್ಟ್ಯಾಂಡಿಂಗ್ ವೇವ್ ಇದೇ ಸ್ವಾಮಿ :) ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಜ್. ಹಾಗಾಗಿ ಈ ಗಲಾಟೆ ನಡೆಯೋದು ಹಾಡಿನ ಒಳಗೇ.

ಈಕ್ವಲೈಸರ್‌ನಲ್ಲಿ ಏರಿಸಿದರಾಯ್ತು ಅಂತೀರಾ? ಆಗಲ್ಲ. ಅಲೆ ರದ್ದಾಗುವ ಕಡೆ ಎಷ್ಟು ಪವರ್ ಸುರಿದರೂ ಅದೂ ರದ್ದಾಗುತ್ತೆ. ಸೋಫಾ ಸರಿಯಬೇಕು, ಇಲ್ಲ ಸಬ್‌ವೂಫರ್ ಸರಿಯಬೇಕು. ಸೋಫಾಕ್ಕೆ ಬಾಗಿಲು ಅಡ್ಡ. ಟವರ್ ಸರಿಸಿದರೆ ನಿಮ್ಮ ಎದುರು ಕೂತು ಹಾಡುತ್ತಿದ್ದವರು ಮೂಲೆಗೆ ಹೋಗಿ ಕೂರುತ್ತಾರೆ!

ಬೇರೆ ಸಬ್‌ವೂಫರ್‌ಗೆ ಈ ಕಷ್ಟ ಇಲ್ಲ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಶಬ್ದ ಯಾವ ದಿಕ್ಕಿಂದ ಬಂತು ಅಂತ ಕಿವಿಗೆ ಗೊತ್ತಾಗೋದೇ ಕಷ್ಟ. ಟಿಎಚ್‌ಎಕ್ಸ್‌ನವರು ಕ್ರಾಸ್‌ಓವರನ್ನು 80ಕ್ಕೆ ಇಟ್ಟಿರೋದು ಸುಮ್ನೆ ಅಲ್ಲ. ಜಾಗ ಹುಡುಕೋದೂ ಸುಲಭ. ಸಬ್‌ವೂಫರನ್ನೇ ಸೋಫಾ ಮೇಲೆ ಕೂರಿಸಿ, ಬೇಸ್ ಇರುವ ಹಾಡು ಹಾಕಿ, ನೀವು ಗೋಡೆ ಪಕ್ಕ ಅಂಬೆಗಾಲಿಡಿ. ಎಲ್ಲಿ ಬೇಸ್ ಹದವಾಗಿ ಕೇಳುತ್ತೋ ಅದೇ ಅದರ ಜಾಗ. ಟವರ್ ಸ್ಪೀಕರನ್ನು ಸೋಫಾ ಮೇಲೆ ಕೂರಿಸಿ ನೋಡೋಣ!

ಎದುರು ಪಕ್ಷದ ಒಂದು ವಾದಕ್ಕೆ ತೂಕವಿದೆ: ಎರಡು ಟವರ್ ಅಂದರೆ ಎರಡು ಸಬ್‌ವೂಫರ್, ಎರಡಿದ್ದರೆ ಬೇಸ್ ಸಮನಾಗುತ್ತೆ. ಒಂದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು ಅನ್ನೋದು ನಿಜ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇದರ ಮೇಲೇ ಪ್ರಬಂಧ ಮಂಡಿಸಿದ್ದರು. ಆದರೆ ಅವರ ಲೆಕ್ಕದಲ್ಲಿ ಎರಡು ಸಬ್‌ವೂಫರ್ ಚೆನ್ನಾಗಿ ಕೆಲಸ ಮಾಡಿದ್ದು ಎದುರುಬದುರು ಗೋಡೆಗಳ ಮಧ್ಯದಲ್ಲಿ ಇಟ್ಟಾಗ. ಟವರುಗಳು ನಿಲ್ಲೋದು ಟಿವಿಯ ಅಕ್ಕಪಕ್ಕ, ಒಂದೇ ಗೋಡೆಗೆ!

ಇನ್ನು "ಸೌಂಡ್‌ಬಾರ್ ಒಳಗೇ ಸಬ್‌ವೂಫರ್" ಅನ್ನೋರಿಗೆ ಒಂದೇ ಲೆಕ್ಕ. ಅಷ್ಟೇ ಜೋರಾಗಿ ಒಂದು ಆಕ್ಟೇವ್ ಕೆಳಗಿಳಿಯಲು ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಅಂಗೈ ದಪ್ಪದ ಡಬ್ಬದಲ್ಲಿ ಎಲ್ಲಿಂದ ತರ್ತೀರಿ?

ಕೊನೆಗೆ ದುಡ್ಡಿನ ಮಾತು. ಈ ವರ್ಷ ಎರಡು ಒಳ್ಳೆ ಬುಕ್‌ಶೆಲ್ಫ್ ಸ್ಪೀಕರ್ ತಗೊಳ್ಳಿ, ಮುಂದಿನ ವರ್ಷ ಸಬ್‌ವೂಫರ್. ಅದರ ಆಂಪ್ಲಿಫೈಯರ್ ಸುಟ್ಟರೆ ಒಂದು ಡಬ್ಬ ರಿಪೇರಿಗೆ ಹೋಗುತ್ತೆ, ಉಳಿದದ್ದು ಹಾಡ್ತಾ ಇರುತ್ತೆ. ಟವರ್‌ನೊಳಗಿನದ್ದು ಸುಟ್ಟರೆ? ಆಳೆತ್ತರದ ಪೆಟ್ಟಿಗೆಯನ್ನೇ ಹೊತ್ತುಕೊಂಡು ಮೆಟ್ಟಿಲಿಳೀಬೇಕಾದೀತು.

ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಬರುವ ಮುಂಚೆ ಟೇಪು ಹಿಡಿದು ನಿಮ್ಮ ಹಾಲ್ ಅಳತೆ ಮಾಡಿಕೊಂಡು ಬನ್ನಿ, ಅಷ್ಟೆ.