ಹೆಸರು ಬೇಡ, ವಾರ್ಡು ಹೇಳಿ

ಹೋದ ತಿಂಗಳು ಜಯನಗರದ ಒಂದು ಸಭಾಂಗಣದಲ್ಲಿ ನಡೆದ ಕಾರ್ಯಕ್ರಮಕ್ಕೆ ನಮ್ಮ ಶಾಲೆಯಿಂದ ನನ್ನನ್ನೂ ಕಳಿಸಿದ್ದರು. ಆಶಾ ಕಾರ್ಯಕರ್ತೆಯರು, ನರ್ಸುಗಳು, ನಮ್ಮಂಥ ಟೀಚರಮ್ಮಂದಿರು, ಹೀಗೆ ಜನರ ಮಧ್ಯೆ ನಿಂತು ದುಡಿಯುವವರ ಮನಸ್ಸಿನ ಒತ್ತಡ ಇಳಿಸಲು ಮೊಬೈಲಿಗೆ ಒಂದು ಆ್ಯಪ್ ಬರುತ್ತದಂತೆ. ಹೆಸರು ಹೇಳದೆ ನಮ್ಮ ಕಷ್ಟ ಬರೆಯಬಹುದು. ಅದೇ ಕೆಲಸ ಮಾಡುವ ಇನ್ನೊಬ್ಬಳು, ಅವಳೂ ಹೆಸರಿಲ್ಲದವಳೇ, ಸಮಾಧಾನ ಹೇಳುತ್ತಾಳೆ. ಟೈ ಕಟ್ಟಿಕೊಂಡ ಹುಡುಗನೊಬ್ಬ ಪರದೆಯ ಮೇಲೆ ತೋರಿಸುತ್ತಾ ಹೋದ. ಮೊದಲು ಮೊಬೈಲ್ ನಂಬರು, ಅದಕ್ಕೊಂದು ಓಟಿಪಿ. ಆಮೇಲೆ ವಾರ್ಡು, ಆರೋಗ್ಯ ಕೇಂದ್ರ, ವಯಸ್ಸು, ಎಷ್ಟು ವರ್ಷದ ಸೇವೆ. ತಿಂಗಳಿಗೊಮ್ಮೆ ಯಾವ ವಾರ್ಡಿನಲ್ಲಿ ಎಷ್ಟು ಒತ್ತಡವೆಂದು ಮೇಲಿನವರಿಗೆ ವರದಿ. “ಹೆಸರು ಮಾತ್ರ ಬೇಡವೇ ಬೇಡ ಮೇಡಂ” ಎಂದ, ಹೆಮ್ಮೆಯಿಂದ.

ನನಗೆ ನಗು ಬಂತು. ಒಂದು ಕೇಂದ್ರಕ್ಕೆ ಇರುವ ಆಶಾಗಳು ಬೆರಳೆಣಿಕೆಯಷ್ಟು. ಅವರಲ್ಲಿ ನಲವತ್ತೆರಡು ವಯಸ್ಸಿನ, ಒಂಬತ್ತು ವರ್ಷ ಸೇವೆಯಾದವಳು ಒಬ್ಬಳೇ ಇರುತ್ತಾಳೆ. ಇಷ್ಟೆಲ್ಲ ಕೇಳಿದ ಮೇಲೆ ಹೆಸರು ಯಾರಿಗೆ ಬೇಕು, ನೀವೇ ಹೇಳಿ.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ನನ್ನದೇ ಹಳೆಯ ಪಾಪವೊಂದು ನೆನಪಾಯಿತು. ಸುಮಾರು ಇಪ್ಪತ್ತು ವರ್ಷದ ಹಿಂದೆ, ಆಗ ನಾನಿದ್ದ ಶಾಲೆಯಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ದೂರಿನ ಪೆಟ್ಟಿಗೆ ಇಟ್ಟಿದ್ದೆವು. ಹೆಸರು ಬರೆಯಬೇಡಿ, ಧೈರ್ಯವಾಗಿ ಬರೆಯಿರಿ ಎಂದು ತರಗತಿ ತರಗತಿಗೆ ಹೋಗಿ ಹೇಳಿದವಳು ನಾನೇ. ಒಂದು ದಿನ ಒಬ್ಬ ಮೇಷ್ಟರ ಮೇಲೆ ಚೀಟಿ ಬಿತ್ತು. “ಇದು ಯಾರ ಅಕ್ಷರ?” ಎಂದರು ಮುಖ್ಯೋಪಾಧ್ಯಾಯರು. ವರ್ಷವಿಡೀ ನೋಟ್‌ಬುಕ್ಕು ತಿದ್ದಿದವಳಿಗೆ ಗೊತ್ತಾಗದೆ ಇರುತ್ತದೆಯೇ? ‘ಥ’ದ ಹೊಟ್ಟೆಯಲ್ಲಿ ಚುಕ್ಕೆ ಇಡಲು ಸದಾ ಮರೆಯುವ ಹುಡುಗಿ ಒಬ್ಬಳೇ ಇದ್ದಳು. ಹೇಳಿಬಿಟ್ಟೆ. ಅವಳ ತಂದೆಯನ್ನು ಕರೆಸಿದರು. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಪೆಟ್ಟಿಗೆಗೆ ಆಮೇಲೆ ಒಂದು ಚೀಟಿಯೂ ಬೀಳಲಿಲ್ಲ.

ಹಾಗೆಂದು ಹೆಸರಿಲ್ಲದ ಮಾತೇ ಬೇಡವೆನ್ನುವವಳಲ್ಲ ನಾನು. ನಮ್ಮ ಅಜ್ಜಿಯರು ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಕೂತು ಅತ್ತೆಯ ಕಾಟ, ತವರಿನ ಹಂಬಲ ಎಲ್ಲವನ್ನೂ ಹಾಡಿಕೊಂಡರು. ಆ ತ್ರಿಪದಿಗಳಿಗೆ ಕಟ್ಟಿದವಳ ಹೆಸರಿಲ್ಲ. ಎದುರು ಕೂತು ಗೂಟ ಹಿಡಿದವಳೂ ಒಬ್ಬ ಸೊಸೆಯೇ. ಅಮೆರಿಕದ ಆಕ್ರನ್ ಊರಿನಲ್ಲಿ 1935ರಲ್ಲಿ ಇಬ್ಬರು ಕುಡುಕರು ಸೇರಿ ಹುಟ್ಟುಹಾಕಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದಿಗೂ ಹೀಗೇ ನಡೆಯುತ್ತದೆ. ಪೂರ್ತಿ ಹೆಸರು ಕೇಳುವುದಿಲ್ಲ, ಕೇಳಿಸಿಕೊಳ್ಳುವವನೂ ಒಂದು ಕಾಲಕ್ಕೆ ಕುಡಿದವನೇ. ಆದರೆ ಎರಡು ಕಡೆಯೂ ಒಂದು ವಿಷಯ ಗಮನಿಸಿ: ಯಜಮಾನ ಆ ಕೋಣೆಯಲ್ಲಿಲ್ಲ. ಬೀಸುವಾಗ ಅತ್ತೆ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದರೆ ಒಂದು ಪದವಾದರೂ ಹುಟ್ಟುತ್ತಿತ್ತೇ?

ಸಹಾಯವೇ ಇಲ್ಲವೆಂದಲ್ಲ. ಹೊಸೂರು ರಸ್ತೆಯ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರವಾಗಿ 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೇಕಾದವರು ಸಂಕೋಚಪಡದೆ ಮಾಡಿ. ಆದರೆ ಅಲ್ಲಿ ಕೇಳುವವರು ತರಬೇತಾದ ಆಪ್ತಸಲಹೆಗಾರರು. ಮುಚ್ಚಿದ ಬಾಗಿಲ ಮುಂದೆ ರಿಜಿಸ್ಟರು ಹಿಡಿದು ನಿಂತವಳ ಸಂಕಟ, ನಿಂತವಳಿಗೇ ಬೇಗ ತಿಳಿಯುವುದು. ಅಂಥವಳು ಸಿಗುವುದಾದರೆ ಆ್ಯಪ್ ಆಗಲಿ, ಬೇಡವೆನ್ನುವುದಿಲ್ಲ. ಆದರೆ ಅದು ಆಶಾಗಳದೇ ಆಗಿರಲಿ. ನಂಬರು, ವಾರ್ಡು ಕೇಳದಿರಲಿ. ಕೇಳಿಸಿಕೊಳ್ಳುವವಳಿಗೆ ಅಷ್ಟು ಹೊತ್ತಿನ ಕೂಲಿ ಸಿಗಲಿ. ವರದಿ ಮೇಲಕ್ಕೆ ಹೋಗುವುದೇ ಬೇಡ.

ಇನ್ನು ಈ ‘ಒತ್ತಡ’ ಎಲ್ಲಿಂದ ಬಂತು ಎನ್ನುವುದನ್ನು ಆ ಹುಡುಗ ಹೇಳಲಿಲ್ಲ. 2005ರಲ್ಲಿ ಆಶಾ ಯೋಜನೆ ಶುರುವಾದಾಗಿನಿಂದ ಇವರು ‘ಸ್ವಯಂಸೇವಕಿ’ಯರು, ಸಂಬಳವಿಲ್ಲ, ಗೌರವಧನ. 2020ರ ಏಪ್ರಿಲ್‌ನಲ್ಲಿ ಕೊರೊನಾ ಸಮೀಕ್ಷೆಗೆ ಹೋದಾಗ ನಮ್ಮ ಬೆಂಗಳೂರಿನಲ್ಲೇ ಹಲ್ಲೆ ಅನುಭವಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಟ್ಟು ಹೊಗಳಿತು. 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತರು: ತಿಂಗಳಿಗೆ 15,000 ರೂಪಾಯಿ ಕೊಡಿ, ನಮ್ಮ ಹಣಕ್ಕೆ ಪೋರ್ಟಲಿನ ಗಂಟು ಹಾಕಬೇಡಿ ಎಂದರು. 10,000ದ ಭರವಸೆ ಪಡೆದು ಎದ್ದರು. ಅದಕ್ಕಾಗಿಯೇ ಆಗಸ್ಟಿನಲ್ಲಿ ಮತ್ತೆ ಬೀದಿಗೆ ಬಂದರು. ಅಲ್ಲಿ ಯಾರೂ ಹೆಸರು ಮುಚ್ಚಿಕೊಂಡಿರಲಿಲ್ಲ. ಗುಲಾಬಿ ಸೀರೆ ಉಟ್ಟು, ಮುಖ ತೋರಿಸಿ, ಗಂಟಲು ಹರಿಯುವಂತೆ ಕೂಗಿದ್ದರು. ಹೆಸರಿಟ್ಟು ಕೂಗಿದ್ದೇ ಮೇಲಿನವರಿಗೆ ಪೂರ್ತಿ ಕೇಳಿಸಿಲ್ಲ. ಈಗ ಹೆಸರಿಲ್ಲದೆ ಪಿಸುಗುಟ್ಟಿ ಎನ್ನುವುದು ಯಾವ ನ್ಯಾಯ? ದುಡಿಯುವಾಗ ಹೆಸರು, ಫೋಟೊ, ಹೊತ್ತು ಎಲ್ಲ ದಾಖಲಾಗಬೇಕು. ಅಳುವಾಗ ಮಾತ್ರ ಅನಾಮಧೇಯಳಾಗಬೇಕು.

ನಮ್ಮ ಬನಶಂಕರಿ ಎರಡನೇ ಹಂತಕ್ಕೆ ಬರುವ ಆಶಾ ನನ್ನ ಹಳೆಯ ವಿದ್ಯಾರ್ಥಿನಿ. ಹೋದ ವಾರ ಬಂದಾಗ ಈ ಆ್ಯಪಿನ ಸುದ್ದಿ ತೆಗೆದೆ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು, ಫೋನು ತೋರಿಸಿ ನಕ್ಕಳು. “ಎಲ್ಲಿ ಹಾಕ್ಕೊಳ್ಳಲಿ ಮಿಸ್? ಇವರ ಆ್ಯಪ್‌ಗಳೇ ತುಂಬಿಹೋಗಿವೆ. ನನ್ನ ಮಗಳ ಫೋಟೊನೇ ಅಳಿಸಿದ್ದೀನಿ.”

ಅಷ್ಟರಲ್ಲಿ ಪಕ್ಕದ ಬೀದಿಯ ಆಶಾ ಅವಳನ್ನು ಹುಡುಕಿಕೊಂಡು ಬಂದಳು. ನಾನು ಕಾಫಿ ಬೆರೆಸಲು ಒಳಗೆ ಹೋದೆ. ಹಾಲು ಉಕ್ಕಿದ ಮೇಲೂ ಸ್ವಲ್ಪ ಹೊತ್ತು ಒಳಗೇ ಇದ್ದೆ.