ಉಳಿಸಿಕೊಂಡು ಬಂದಾಕಿನ್ನ ಶಾಣ್ಯಾಕಿ ಅನಬ್ಯಾಡ್ರಿ

ಹೋದ ವಾರ ನಮ್ಮ ಮಾಳಿಗಿ ಮ್ಯಾಲೆ ಹಪ್ಪಳಾ ಲಟ್ಟಸೂಮುಂದ ಒಂದು ಮಾತು ಬಂತು. ನಮ್ಮ ಮಗಳು ಬಿ.ಎಸ್‌ಸಿ ಎರಡನೇ ವರ್ಷದಾಗ ಇದ್ದಾಳ, ಎನ್‌ಸಿಸಿ ಕೆಡೆಟ್. ಮೇ ತಿಂಗಳದಾಗ ಬ್ಯಾರೆ ರಾಜ್ಯದಾಗ ಕ್ಯಾಂಪ್ ಅದ. ರೈಲಿನಾಗ ಹೋಗೂದು ಎರಡು ದಿನಾ, ಬರೂದು ಎರಡು ದಿನಾ, ನಡುವ ಹತ್ತು ದಿನಾ ಕ್ಯಾಂಪು. ಆಕಿ ಕೈಯಾಗ ಖರ್ಚಿಗೆ ಮೂರು ಸಾವಿರ ಕೊಡ್ತೀನಿ ಅಂದೆ. ಎಲ್ಲಾರ ಲಟ್ಟಣಿಗಿ ನಿಂತ ಬಿಟ್ಟವು.

"ಊಟಾ ಸರಕಾರದ್ದು, ಬಟ್ಟಿ ಸರಕಾರದ್ದು, ವಸ್ತಿ ಸರಕಾರದ್ದು. ಮತ್ತ ರೊಕ್ಕಾ ಯಾಕ? ಐದನೂರು ಕೊಡು, ಬಂದಮ್ಯಾಲೆ ಲೆಕ್ಕಾ ತೊಗೊ" ಅಂದ್ರು ನಮ್ಮ ದೊಡ್ಡ ವೈನಿ. ಎದುರುಮನಿ ಕಾಕು, "ಹುಡುಗಿ ಕೈಯಾಗ ಬ್ಯಾಡವಾ, ಮ್ಯಾಡಮ್ಮರ ಕೈಯಾಗ ಕೊಡು" ಅಂದ್ರು. ಅವತ್ತು ಹಿಟ್ಟು ಒಣಗತದ ಅಂತ ಸುಮ್ಮನಾದೆ. ಇವತ್ತು ಕೂತು ಬರೀಲಿಕ್ಕತ್ತೇನಿ. ವೈನಿ, ಕಾಕು, ಸಿಟ್ಟಾಗಬ್ಯಾಡ್ರಿ, ಆದ್ರ ನೀವು ಹೇಳಿದ್ದು ತಪ್ಪು.

ಊಟಾ ವಸ್ತಿ ಸರಕಾರದ್ದು, ಖರೆ. ಆದ್ರ ಸೊಳ್ಳಿಪರದೆ, ತಾಟು-ಲೋಟ, ಬೂಟಿನ ಪಾಲಿಶು, ಸಾಬಾಣ ನಾವ ಕಟ್ಟಿ ಕಳಸಬೇಕು. ಮತ್ತ ಹಾದಿಯೊಳಗ? ಮೇ ತಿಂಗಳ ಬಿಸಿಲಾಗ ಗಾಡಿ ಐದು ತಾಸು ತಡಾ ಆತು ಅಂದ್ರ ನಾವು ಕಟ್ಟಿಕೊಟ್ಟ ಮೊಸರನ್ನ ಹಳಸ್ತದ. ನೀರು ಕೊಳ್ಳಬೇಕು, ಬಾಳಿಹಣ್ಣು ಕೊಳ್ಳಬೇಕು. ಕ್ಯಾಂಪಿನಾಗ ಬೂಟು ಕಚ್ಚಿದ್ರ ಪಟ್ಟಿ ಬೇಕು. ತಿಂಗಳಿಂದು ಎಂಟು ದಿನಾ ಮೊದಲ ಬಂದ್ರ ಪ್ಯಾಡ್ ಬೇಕು. ಇದಕ್ಕೆಲ್ಲಾ ಸರಕಾರದ ಕಡೆ ಕೈ ಒಡ್ಡಬೇಕೇನು?

ಇಷ್ಟು ಖಂಡಿತ ಮಾತಾಡ್ಲಿಕ್ಕೆ ಕಾರಣ ಅದ. ನಾನೂ ಪಿಯುಸಿಯೊಳಗ ಎನ್‌ಸಿಸಿ ಹುಡುಗಿನ. 1987ರ ಬ್ಯಾಸಿಗಿಯೊಳಗ ಬೆಂಗಳೂರ ಕಡೆ ಕ್ಯಾಂಪಿಗೆ ಹೋಗಿದ್ದೆ. ಆವಾಗ ಹುಬ್ಬಳ್ಳಿ-ಬೆಂಗಳೂರು ಗಾಡಿ ಇನ್ನೂ ಮೀಟರ್ ಗೇಜು. ನಮ್ಮ ಅಜ್ಜಿ ಐವತ್ತು ರೂಪಾಯಿ ನೋಟು ಮಡಚಿ ನನ್ನ ಪರಕಾರದ ಒಳಗ ಹೊಲದು, "ಅಡಚಣಿ ಬಂದ್ರ ಇರ್ಲಿ, ಆದ್ರ ಮುಟ್ಟಬ್ಯಾಡ" ಅಂದ್ರು. ಮ್ಯಾಲೆ ಐದು ರೂಪಾಯಿ ಚಿಲ್ಲರೆ ಕೊಟ್ರು. ಅರಸೀಕೆರೆ ಹತ್ತರ ಗಾಡಿ ತಾಸುಗಟ್ಲೆ ನಿಂತಿತು. ಜೋಡಿ ಹುಡುಗ್ಯಾರು ಸೋಡಾ ಕುಡದ್ರು, ಬಾಳಿಹಣ್ಣು ತಿಂದ್ರು. ನಾನು "ನಂಗ ಹಸವಿಲ್ಲ" ಅಂತ ಕಿಟಕಿ ಕಡೆ ಮಾರಿ ಮಾಡಿ ಕೂತೆ.

ಕ್ಯಾಂಪಿನಾಗ ನಾಕನೇ ದಿನಾ ಮುಟ್ಟಾದೆ. ದಿನಾ ಇನ್ನೂ ಇದ್ದಿಲ್ಲ, ಅದಕ್ಕ ಅರಿವಿ ಒಯ್ದಿದ್ದಿಲ್ಲ. ಗೇಟಿನ ಹೊರಗ ಔಷಧದ ಅಂಗಡಿ ಇತ್ತು, ಹತ್ತಿ ಸಿಗತಿತ್ತು. ಆದ್ರ ಹೊಲಿಗಿ ಬಿಚ್ಚಲಿಕ್ಕೆ ಧೈರ್ಯ ಆಗ್ಲಿಲ್ಲ. ಇದು ಅಡಚಣಿ ಹೌದೋ ಅಲ್ಲೋ, ಮನ್ಯಾಗ ಏನಂತಾರೋ ಅಂತ ಅಂಜಿಕಿ. ಒರಟು ಟವೆಲ್ ಹರದು ಕಟಗೊಂಡು ಮರುದಿನಾ ಬಿಸಿಲಾಗ ಮೈಲುಗಟ್ಲೆ ನಡದೆ. ತೊಡಿ ಎರಡೂ ಕಿತ್ತು ಗಾಯ ಆದವು. ಎರಡು ದಿನಾ ಜ್ವರಾ ಬಂದು ಮಲಗಿದೆ. ಫೈರಿಂಗ್ ಕಲಸೂ ದಿನಾ ನಾನು ಹಾಸಿಗ್ಯಾಗಿದ್ದೆ.

ಮನಿಗೆ ಬಂದು ಅಜ್ಜಿ ಕೈಯಾಗ ಐವತ್ತೂ ರೂಪಾಯಿ ಇಟ್ಟೆ. ಅಜ್ಜಿ ಓಣಿಗೆಲ್ಲಾ ಹೇಳಿದ್ರು, "ನೋಡ್ರಿ, ಒಂದು ಪೈಸೆ ಮುಟ್ಟದ ಬಂದಾಳ. ಎಂಥಾ ಶಾಣ್ಯಾಕಿ!" ಆ ಹೊಗಳಿಕಿಗೆ ನಾನೂ ಉಬ್ಬಿದೆ. ಗಾಯದ ಸುದ್ದಿ ಯಾರಿಗೂ ಹೇಳ್ಲಿಲ್ಲ. ಇವತ್ತು ನಿಮಗ ಹೇಳ್ಲಿಕ್ಕತ್ತೇನಿ.

ಮರುವರ್ಷ ನನ್ನ ತಮ್ಮ ಕ್ಯಾಂಪಿಗೆ ಹೋದಾ. ಅವಂಗ ಅಪ್ಪ ಕಿಸೆಯೊಳಗ ನೂರು ರೂಪಾಯಿ ಇಟ್ರು. ಬರಿ ಕಿಸೆ ಜಾಡಿಸಿಕೋತ ಬಂದಾ. ಅಜ್ಜಿ ನಕ್ಕು, "ಗಂಡು ಹುಡುಗರು ಹಂಗ" ಅಂದ್ರು. ತಮ್ಮನ ಮ್ಯಾಲೆ ನಂಗ ಸಿಟ್ಟಿಲ್ಲ. ಅಂವಾ ರೊಕ್ಕಾ ಹೆಂಗ ಮುಗೀತದ ಅನ್ನೂದು ಹದಿನೇಳಕ್ಕ ಕಲ್ತಾ. ನಾನು ಲಗ್ನ ಆಗಿ ಸಂಸಾರ ಕೈಗೆ ಬಂದಮ್ಯಾಲೆ ಕಲ್ತೆ. ಅಲ್ಲೀತನಕ ಹತ್ತು ರೂಪಾಯಿಗೂ ಇನ್ನೊಬ್ಬರ ಮಾರಿ ನೋಡತಿದ್ದೆ.

ಕಾಕು, ಮ್ಯಾಡಮ್ಮರ ಕೈಯಾಗ ಕೊಡು ಅಂದ್ರಿ. ಆ ಮ್ಯಾಡಮ್ಮಗ ಎಷ್ಟು ಮಂದಿ ಹುಡುಗ್ಯಾರು? ಹಾಜರಿ ತೊಗೋಬೇಕು, ಸಾಮಾನು ಎಣಸಬೇಕು, ಒಬ್ಬೊಬ್ಬಾಕಿ ರೊಕ್ಕದ ಚೀಟಿ ಬ್ಯಾರೆ ಇಡಬೇಕೇನು? ಹತ್ತೊಂಬತ್ತರ ಹುಡುಗಿ ಪ್ಯಾಡಿಗೆ ರೊಕ್ಕಾ ಕೊಡ್ರಿ ಅಂತ ಸಾಲಿನಾಗ ನಿಂದರಬೇಕೇನು? "ಫೋನಿನಾಗ ಹಾಕಿದ್ರಾತು" ಅಂತೀರಿ. ಕ್ಯಾಂಪಿನಾಗ ಫೋನು ಜಮಾ ಮಾಡಿಸಿಕೊಳ್ಳೂದು ಸಾಮಾನ್ಯ. ಗಾಡಿಯೊಳಗ ನೆಟ್‌ವರ್ಕ್ ಹೋದ್ರ ನೀರು ಮಾರಾಂವ ನಿಂದ್ರೂದಿಲ್ಲ.

"ಎಲ್ಲಾ ಗೋಬಿ ಮಂಚೂರಿ ತಿಂದು ಮುಗಸ್ತಾಳ" ಅಂತ ಮೂರನೇ ಮಾತು. ತಿನ್ನಲಿ. ಎರಡನೇ ದಿನಕ್ಕ ಮುಗಿಸಿದ್ರ ಮುಂದಿನ ಹನ್ನೆರಡು ದಿನಾ ಆಕಿನ ಅನುಭವಸ್ತಾಳ. ಆ ಪಾಠಕ್ಕ ಮೂರು ಸಾವಿರ ಹೆಚ್ಚಿಗೆ ಅಲ್ಲ. ನಮ್ಮ ಮನ್ಯಾಗ ಒಂದು ವರ್ಷದಾಗ ಬುರುಸು ಹಿಡದು ಕೆಟ್ಟು ಹೋಗೂ ಉಪ್ಪಿನಕಾಯಿ ಲೆಕ್ಕಾ ಹಾಕ್ರಿ ಒಮ್ಮೆ.

ಇನ್ನೊಂದು ಮಾತು ವಿಚಾರ ಮಾಡ್ರಿ. ನಾನು ಕ್ಯಾಂಪಿಗೆ ಹೋದಾಗ ಸೈನ್ಯದಾಗ ಹೆಣ್ಣುಮಕ್ಕಳಿಗೆ ಡಾಕ್ಟರಕಿ, ನರ್ಸಕಿ ಬಿಟ್ರ ಬ್ಯಾರೆ ಆಫೀಸರ್ ಕೆಲಸಾ ಇದ್ದಿಲ್ಲ. ಆ ಬಾಗಲಾ ತೆರದದ್ದು 1992ರಾಗ. ಈಗ ಸಿ ಸರ್ಟಿಫಿಕೇಟು ಛಲೋ ಗ್ರೇಡಿನಾಗ ಆಗಿ ಡಿಗ್ರಿ ಇತ್ತಂದ್ರ, ಯುಪಿಎಸ್‌ಸಿ ಬರವಣಿಗಿ ಪರೀಕ್ಷಾ ಇಲ್ಲದ ಎನ್‌ಸಿಸಿ ಸ್ಪೆಷಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಮುಂದ ಸಂದರ್ಶನ ಪಾಸಾದ್ರ ಚೆನ್ನೈದ ಅಕಾಡೆಮಿಯೊಳಗ ಟ್ರೇನಿಂಗು, ತಿಂಗಳಾ 56,100 ರೂಪಾಯಿ ಸ್ಟೈಪೆಂಡು. ಇವತ್ತು ಮೂರು ಸಾವಿರಕ್ಕ ನಂಬದ ಹುಡುಗಿ ನಾಳೆ ಅಷ್ಟು ರೊಕ್ಕಾ ಹೆಂಗ ಸಂಭಾಳಸ್ತಾಳ? ರೈಫಲ್ ಕೈಯಾಗ ಕೊಡ್ಲಿಕ್ಕೆ ಸರಕಾರ ಅಂಜೂದಿಲ್ಲ, ನೋಟು ಕೊಡ್ಲಿಕ್ಕೆ ನಾವು ಅಂಜತೀವಿ!

ಹಂಗಂತ ಮನಸ್ಸಿಗೆ ಬಂದಷ್ಟು ಕೊಡ್ರಿ ಅಂತ ಹೇಳೂದಿಲ್ಲ. ಕ್ಯಾಂಪಿಗೆ ಕೂಲಿ ಮಾಡೂ ಮನಿ ಹುಡುಗ್ಯಾರೂ ಬರ್ತಾರ. ಅವರ ಮುಂದ ಹತ್ತು ಸಾವಿರ ತೋರಸೂದು ಪಾಪ. ನಾನು ಹಿಂಗ ಹಂಚೇನಿ: ಹೋಗೂ-ಬರೂ ಹಾದಿಗೆ ಒಂದು ಸಾವಿರ, ಹತ್ತು, ಇಪ್ಪತ್ತು, ಐವತ್ತರ ನೋಟು. ಕ್ಯಾಂಪಿನ ಕ್ಯಾಂಟೀನಿಗೆ ಸಾವಿರ. ಅಡಚಣಿಗೆ ಸಾವಿರ, ಬ್ಯಾರೆ ಚೀಲದಾಗ. ಎಲ್ಲಾ ಒಂದ ಕಡೆ ಇಡಬ್ಯಾಡ ಅಂದೇನಿ. ರೈಲಿನ 139 ನಂಬರು ಚೀಟಿಯೊಳಗ ಬರದು ಕೊಟ್ಟೇನಿ. ಅಡಚಣಿ ಅಂದ್ರ ಏನು ಅನ್ನೂದನ್ನೂ ಬಿಡಿಸಿ ಹೇಳೇನಿ: ನಿನ್ನ ಮೈಗೆ ಬೇಕಾದದ್ದು ಎಲ್ಲಾ ಅಡಚಣಿನ. ನನ್ನ ಕೇಳಬ್ಯಾಡ, ಖರ್ಚು ಮಾಡು. ಲೆಕ್ಕಾ ನಿನಗೋಸ್ಕರ ಬರಕೋ, ನಂಗ ತೋರಸಬ್ಯಾಡ.

ನಮ್ಮ ಅಜ್ಜಿ ಕೆಟ್ಟಾಕಿ ಅಲ್ಲ. ಆಕಿ ಕೈಯಾಗ ಯಾರೂ ಎಂದೂ ರೊಕ್ಕಾ ಇಟ್ಟಿದ್ದಿಲ್ಲ, ಆ ಐವತ್ತೂ ಹಾಲು ಮಾರಿ ಕೂಡಿಸಿದ್ದು. ಆಕಿಗೆ ಗೊತ್ತಿದ್ದ ಶಾಣ್ಯಾತನ ಅಷ್ಟ. ನಮಗ ಹೆಚ್ಚಿಗೆ ಗೊತ್ತದ, ಆದ್ರೂ ಅದನ್ನ ಹೇಳಿಕೋತ ಹೊಂಟೀವಿ.

ಅದಕ್ಕ ಕೇಳಕೊಳ್ಳೂದು ಒಂದ. ನಮ್ಮಾಕಿ ತಿರಿಗಿ ಬಂದಾಗ ನೀವೆಲ್ಲಾ ನೋಡ್ಲಿಕ್ಕೆ ಬರ್ತೀರಿ. ಬರ್ರಿ, ಹೊಸಾ ಹಪ್ಪಳಾ ಕರೀತೀನಿ. ಆದ್ರ "ಎಷ್ಟು ಉಳಿಸಿದಿ?" ಅಂತ ಯಾರೂ ಕೇಳಬ್ಯಾಡ್ರಿ. "ಹೊಟ್ಟಿ ತುಂಬ ಉಂಡಿಯಾ? ಫೈರಿಂಗ್ ಮಾಡಿದಿಯಾ?" ಅಂತ ಕೇಳ್ರಿ. ವೈನಿ, ನೀವು ಮೊದಲ ಕೇಳ್ರಿ.